ಖಾಯಂ ವಿಳಾಸ

ಬಂಟ್ವಾಳದ ತಾಲೂಕು ಕಚೇರಿಯ ಜಗಲಿಯಲ್ಲಿ ಇಪ್ಪತ್ತಾರು ವರ್ಷ ಅರ್ಜಿ ಬರೆದವನು ನಾನು. ಹೆಸರು ಚಿನ್ನಯ್ಯ ಶೆಟ್ಟಿ. ಆ ಹೆಸರು ಹೇಳಿ ಪೇಟೆಯಲ್ಲಿ ವಿಚಾರಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ರೈಟರ್ ಶೆಟ್ಟರು ಎಂದರೆ ಮಾತ್ರ ಗೊತ್ತು. ಖಾತೆ ಬದಲಾವಣೆ, ಗಡಿ ತಕರಾರು, ನೆರೆಗೆ ಹೋದ ಗದ್ದೆಯ ತೀರ್ವೆ ಮಾಫಿ, ಏನೇ ಇರಲಿ, ನನ್ನ ಕೈಯಿಂದ ಹೋದ ಅರ್ಜಿ ತಹಶೀಲ್ದಾರರ ಮೇಜಿನಿಂದ ತಿರುಗಿ ಬಂದದ್ದಿಲ್ಲ. ಇದು ಜಂಬದ ಮಾತು ಎಂದು ಬೇಕಾದರೆ ಹೇಳಿ. ಜಂಬ ನನ್ನಲ್ಲಿ ಇತ್ತು, ನಾನು ಇಲ್ಲವೆನ್ನುವುದಿಲ್ಲ.

ಬಂದವರಿಗೆ ನಾನು ಬೈಯುತ್ತಿದ್ದುದು ಮುಖ್ಯವಾಗಿ ವಿಳಾಸದ ವಿಷಯಕ್ಕೆ. "ಬಾಡಿಗೆ ಕೋಣೆ ವಿಳಾಸ ಅಲ್ಲ ಮಾರಾಯ. ನಾಳೆ ಧಣಿ ಹೊರಗೆ ಹಾಕಿದರೆ ನೋಟೀಸು ಯಾರಿಗೆ ಕೊಡುವುದು? ಮನೆ ಹೇಳು, ಮನೆ." ನಮ್ಮವರಲ್ಲಿ ಗಂಡಸಿಗೆ ಮನೆ ಎಂದರೆ ತಾಯಿಯ ಮನೆ. ಅವನ ವಾರಸುದಾರ ಅಕ್ಕನ ಮಗನೋ ತಂಗಿಯ ಮಗನೋ ಆಗಿರಬೇಕು. ಹೆಂಡತಿ ಮಕ್ಕಳು ಹೆಂಡತಿಯ ತಾಯಿಯ ಮನೆಗೆ ಸೇರಿದವರು. ಗಂಡ ಅಲ್ಲಿಗೆ ಹೋಗುತ್ತಾನೆ, ಬರುತ್ತಾನೆ, ಒಳ್ಳೆಯ ಊಟ ಮಾಡುತ್ತಾನೆ, ಆದರೆ ಅದು ಅವನ ಮನೆಯಲ್ಲ. ನಾನು ಹೇಳುವ ಕಾಲಕ್ಕೆ, ಹೆಂಡತಿ ಮಕ್ಕಳಿಗೂ ಪಾಲು ಕೊಡುವ ಹೊಸ ಕಾನೂನು ಬಂದು ನಾಲ್ಕು ವರ್ಷ ಆಗಿತ್ತು, ನಿಜ. ಕಾಗದದಲ್ಲಿ ಬದಲಾದದ್ದು ನಮ್ಮ ತಲೆಯೊಳಗೆ ಇನ್ನೂ ಇಳಿದಿರಲಿಲ್ಲ.

ನನ್ನದೂ ಹಾಗೆಯೇ. ತಾಯಿಯ ಮನೆ ಚಾರ್ಮಾಡಿಯ ಹತ್ತಿರ. ಅಲ್ಲಿ ತಂಗಿ ಸರಸ, ಅವಳ ಮಗ ಸುಧಾಕರ. ಹೆಂಡತಿ ಜಲಜಾಕ್ಷಿ ಮೂಡಬಿದ್ರೆಯಲ್ಲಿ, ಅವಳ ಮನೆಯಲ್ಲಿ. ಅವಳ ತಮ್ಮ ನಿತ್ಯಾನಂದ, ನಮ್ಮ ಮಗಳು ಕಾಂತಿ, ಎಲ್ಲ ಅಲ್ಲೇ. ನಾನು ಬಂಟ್ವಾಳದಲ್ಲಿ ಉಮ್ಮರ್ ಬ್ಯಾರಿಗಳ ಉಪ್ಪಿನ ಗೋದಾಮಿನ ಮೇಲಿನ ಕೋಣೆಯಲ್ಲಿ ಒಬ್ಬನೇ. ಶನಿವಾರ ಕಚೇರಿ ಮುಗಿದ ಮೇಲೆ ಮೂಡಬಿದ್ರೆಯ ಬಸ್ಸು ಹತ್ತುವುದು, ಸೋಮವಾರ ಬೆಳಗ್ಗೆ ತಿರುಗಿ ಬರುವುದು. ಮದುವೆಯಾದಂದಿನಿಂದ ಇದೇ ಕ್ರಮ.

ಎಡಗಣ್ಣು ನನಗೆ ಆರು ವರ್ಷವಿದ್ದಾಗಲೇ ಸಿಡುಬಿನಲ್ಲಿ ಹೋಗಿತ್ತು. ಉಳಿದದ್ದು ಬಲಗಣ್ಣು. ಅರವತ್ತನೆಯ ಇಸವಿಯ ಮಳೆಗಾಲ ಮುಗಿಯುವ ಹೊತ್ತಿಗೆ ಅದಕ್ಕೂ ಮಂಜು ಕವಿಯತೊಡಗಿತು. ಒಂದು ಭಾನುವಾರ ಮೂಡಬಿದ್ರೆಯಲ್ಲಿ ಊಟಕ್ಕೆ ಕೂತಿದ್ದೆವು. ನಿತ್ಯಾನಂದ ಕರೆದ ಯಾರೋ ನೆಂಟರೂ ಸಾಲಿನಲ್ಲಿದ್ದರು. ಉಪ್ಪಿನಕಾಯಿಗೆಂದು ಚಾಚಿದ ನನ್ನ ಕೈ ಪಕ್ಕದವರ ಎಲೆಯ ಅನ್ನಕ್ಕೆ ಹೋಯಿತು. ಮಕ್ಕಳು ನಕ್ಕರು. ಬಡಿಸುತ್ತಿದ್ದ ಜಲಜಾಕ್ಷಿಯೂ ನಕ್ಕಳು. ಅವಳಿಗೇನು ಗೊತ್ತು, ಮರೆವು ಎಂದು ಎಣಿಸಿರಬೇಕು. ನನಗೆ ಮಾತ್ರ ಆ ಎಲೆಯ ಮುಂದೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಹೆಂಡತಿಯ ಮನೆಯಲ್ಲಿ ಕುರುಡನಾಗಿ ಕೂತು ತಿನ್ನುವ ಗಂಡಸು ನಾನಲ್ಲ, ಕಣ್ಣು ಸರಿಯಾದ ಮೇಲೆಯೇ ಈ ಮೆಟ್ಟಿಲು ಹತ್ತುವುದು ಎಂದು ಮನಸ್ಸಿನಲ್ಲೇ ಹೇಳಿಕೊಂಡು ಬಸ್ಸು ಹತ್ತಿದೆ. ಕೆಲಸ ಹೆಚ್ಚಾಗಿದೆ, ಬರಲಾಗುವುದಿಲ್ಲ ಎಂದು ಒಂದು ಕಾರ್ಡು ಬರೆದು ಹಾಕಿದೆ.

ಆಗ ನಮ್ಮ ಸುತ್ತಿಗೆಲ್ಲ ಕಣ್ಣಿನ ಡಾಕ್ಟರು ಬರುತ್ತಿದ್ದುದು ಒಂದು ಸರ್ಕಾರಿ ಆಸ್ಪತ್ರೆಗೆ, ತಿಂಗಳಿಗೆ ಒಂದು ಸಲ. ಆಸ್ಪತ್ರೆಯ ಹೆಸರು ಬೇಡ, ಅವರ ತಪ್ಪೇನೂ ಇಲ್ಲ. ಡಾಕ್ಟರು ಬಂದರೆ ಹತ್ತು ಹನ್ನೆರಡು ಜನರಿಗೆ ಪೊರೆ ತೆಗೆಯುತ್ತಿದ್ದರು. ಕಾಯುವವರು ನೂರಾರು. ನನ್ನ ಕಣ್ಣಿಗೆ ಟಾರ್ಚು ಹಿಡಿದು ನೋಡಿ ಅವರು ಹೇಳಿದರು: "ಇನ್ನೂ ಹಸಿ ಉಂಟು. ಪೊರೆ ಹಣ್ಣಾಗಬೇಕು. ಹಣ್ಣಾದ ಮೇಲೆ ಬಿಡುವಂತೆಯೂ ಇಲ್ಲ, ಒಳಗೇ ಒಡೆದರೆ ಕಣ್ಣೇ ಹೋದೀತು. ಪಟ್ಟಿಯಲ್ಲಿ ಹೆಸರು ಬರೆಸಿ."

ಪಟ್ಟಿ ಬರೆಯುವವರು ಜತ್ತಪ್ಪ ಎಂಬ ಗುಮಾಸ್ತರು. ನನ್ನ ನಂಬರು ನೂರ ನಲವತ್ತಮೂರು.

"ಖಾಯಂ ವಿಳಾಸ ಹೇಳಿ ಶೆಟ್ರೇ. ಕಾರ್ಡು ಅಲ್ಲಿಗೆ ಬರ್ತದೆ," ಎಂದರು.

ಚಾರ್ಮಾಡಿಯ ಮನೆಯ ಹೆಸರು ಹೇಳಿದೆ, ಅಂಚೆ ತಾಲೂಕು ಸಹಿತ.

"ಆಪರೇಷನ್ ಆದ ಮೇಲೆ ಎಂಟು ದಿನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಅಲುಗಾಡದೆ ಮಲಗಬೇಕು. ಊಟ, ನೀರು, ಎಲ್ಲ ಮಲಗಿದಲ್ಲಿಗೇ. ಜೊತೆಗೆ ಮನೆಯವರು ಇಲ್ಲದಿದ್ದರೆ ಸೇರಿಸುವುದಿಲ್ಲ. ಯಾರು ನಿಲ್ಲುವುದು?"

"ತಂಗಿಯ ಮಗ ಸುಧಾಕರ. ವಾರಸುದಾರ," ಎಂದೆ. ಜತ್ತಪ್ಪ ಬರೆದುಕೊಂಡರು. ಎಷ್ಟು ಚೊಕ್ಕವಾದ ವಿಳಾಸ ಕೊಟ್ಟೆ ಎಂದು ನನಗೆ ಒಳಗೊಳಗೇ ಖುಷಿಯಾಯಿತು.

ಮತ್ತೆ ಕಾದೆ. ಕಾರ್ಡು ಬಂದ ಕೂಡಲೇ ಸುಧಾಕರ ಅದನ್ನು ಹಿಡಿದುಕೊಂಡು ಬರುತ್ತಾನೆ, ನಾನು ಎದ್ದು ಹೋಗುವುದು, ಇಷ್ಟೇ ನನ್ನ ಲೆಕ್ಕ. ಬೇಸಿಗೆ ಹೋಯಿತು, ನೇತ್ರಾವತಿ ಉಕ್ಕಿ ಕೆಳಗಿನ ಪೇಟೆಯ ಅಂಗಡಿಗಳಿಗೆ ನುಗ್ಗಿತು, ಇಳಿಯಿತು, ಸುಧಾಕರ ಬರಲಿಲ್ಲ. ಇನ್ನೊಂದು ವರ್ಷವೂ ಹಾಗೆಯೇ ಕಳೆಯಿತು. ನನ್ನ ಕಣ್ಣೆದುರು ಮೊದಲು ಅಕ್ಷರ ಹೋಯಿತು, ಆಮೇಲೆ ಮುಖಗಳು ಹೋದವು. ಕಾಗದದ ಮೇಲೆ ಮರದ ರೂಲರ್ ಇಟ್ಟು ಅದರ ಅಂಚಿಗೆ ಪೆನ್ನು ತಾಗಿಸಿ ಬರೆಯುತ್ತಿದ್ದೆ. ಇಪ್ಪತ್ತಾರು ವರ್ಷ ಬರೆದದ್ದನ್ನೇ ಬರೆದ ಕೈ, ಅದಕ್ಕೆ ಕಣ್ಣಿನ ಹಂಗು ಹೆಚ್ಚಿರಲಿಲ್ಲ. ಬರೆದು ಮುಗಿಸಿ "ನೀವೇ ಓದಿ ನೋಡಿ, ತಪ್ಪಿದ್ದರೆ ಆಮೇಲೆ ನನ್ನ ಮೇಲೆ ಹಾಕಬೇಡಿ" ಎಂದು ಗದರುತ್ತಿದ್ದೆ. ಓದು ಬಾರದವರು ಬಂದರೆ ದೇವರ ಮೇಲೆ ಭಾರ. ಪೇಟೆಗೆ ಗೊತ್ತಾಗಲಿಲ್ಲ. ಗೊತ್ತಾದರೆ ನನ್ನ ಜಗಲಿ ಅವತ್ತಿಗೇ ಮುಗಿಯಿತು, ಕುರುಡನ ಹತ್ತಿರ ಯಾರು ಅರ್ಜಿ ಬರೆಸುತ್ತಾರೆ?

ಸಂಜೆಗಳು ಕೆಟ್ಟವು. ಕಚೇರಿಯ ಬಾಗಿಲು ಹಾಕಿದ ಮೇಲೆ ಕೋಣೆಗೆ ಬಂದು ಚಾಪೆಯ ಮೇಲೆ ಕೂತರೆ ಕೆಳಗೆ ಉಪ್ಪಿನ ಮೂಟೆ ಇಳಿಸುವ ಸದ್ದು, ಹೊಳೆಯ ಕಡೆಯಿಂದ ಯಾರೋ ಯಾರನ್ನೋ ಕರೆಯುವ ಸದ್ದು. ನನ್ನನ್ನು ಕರೆಯುವವರು ಯಾರೂ ಇಲ್ಲ. ಶನಿವಾರ ಮಧ್ಯಾಹ್ನ ಮೂಡಬಿದ್ರೆಯ ಬಸ್ಸಿನ ಹಾರ್ನು ಕೇಳಿದರೆ ಕಾಲು ತನ್ನಷ್ಟಕ್ಕೆ ಚಪ್ಪಲಿ ಹುಡುಕುತ್ತಿತ್ತು. ಕೆಲವು ಸಲ ಮೆಟ್ಟಿಲಿನವರೆಗೂ ಹೋಗಿ ತಿರುಗಿ ಬರುತ್ತಿದ್ದೆ, ಯಾಕೆ ಸುಳ್ಳು ಹೇಳಲಿ.

ಆ ಎರಡು ವರ್ಷದಲ್ಲಿ ಮೂಡಬಿದ್ರೆಯಿಂದ ನಾಲ್ಕು ಕಾಗದ ಬಂತು. "ಮೂಡಬಿದ್ರೆಯದ್ದು ಶೆಟ್ರೇ" ಎಂದು ಪೋಸ್ಟ್‌ಮ್ಯಾನ್ ಕೈಗೆ ಕೊಡುತ್ತಿದ್ದ. ಕಾಂತಿಯ ಅಕ್ಷರ ಇರಬೇಕು. ಕೋಣೆಗೆ ಹೋಗಿ ಒಡೆದು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದೆ. ತೊಳೆದ ಬಟ್ಟೆಯಂತೆ ಬರಿಯ ನಸು ನೀಲಿ, ಒಂದು ಗೆರೆಯೂ ಇಲ್ಲ. ಹಬ್ಬಕ್ಕೆ ಬನ್ನಿ ಎಂದಿರಬಹುದು, ಯಾಕೆ ಬರುವುದಿಲ್ಲ ಎಂದಿರಬಹುದು. ಉಮ್ಮರರ ಅಂಗಡಿಯ ಗುಮಾಸ್ತನ ಕೈಯಲ್ಲಿ ಕೊಟ್ಟರೆ ಎರಡು ನಿಮಿಷದಲ್ಲಿ ಓದಿ ಹೇಳುತ್ತಿದ್ದ. ಊರಿಗೆಲ್ಲ ಕಾಗದ ಓದಿ ಹೇಳಿದ ರೈಟರ್ ತನ್ನ ಮಗಳ ಕಾಗದವನ್ನು ಇನ್ನೊಬ್ಬನ ಕೈಗೆ ಕೊಡುವುದು ಹೇಗೆ? ನಾಲ್ಕನ್ನೂ ಚಾಪೆಯ ಕೆಳಗೆ ಸೇರಿಸಿಟ್ಟೆ.

ಅರವತ್ತೆರಡರ ಕೊನೆಗೆ ಉಮ್ಮರರ ತಾಯಿ ಆಯಿಶಮ್ಮ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಬಂದರು. ದಪ್ಪ ಕನ್ನಡಕ ಹಾಕಿ ಗೋದಾಮಿನ ಬಾಗಿಲಲ್ಲಿ ಕೂತಿದ್ದರಂತೆ. ನಾನು ಮೆಟ್ಟಿಲು ಇಳಿಯುವಾಗ, "ಶೆಟ್ರೇ, ನಿಮ್ಮ ಅಂಗಿಯ ಗುಂಡಿ ಮೇಲೆ ಕೆಳಗೆ ಆಗಿದೆ. ನನಗೆ ಕಾಣ್ತದೆ ಈಗ," ಎಂದು ನಕ್ಕರು. ಸಂತೋಷ ಎಂದೆ. ಮತ್ತೆ ಉಮ್ಮರರ ಹತ್ತಿರ ಸುಮ್ಮನೆ ವಿಚಾರಿಸಿದೆ, ನಂಬರು ಎಷ್ಟಿತ್ತು ಎಂದು.

"ನೂರ ಎಪ್ಪತ್ತೊಂದು," ಎಂದರು ಉಮ್ಮರ್.

ನನ್ನ ಮೈ ಉರಿದು ಹೋಯಿತು. ಮರುದಿನವೇ ಆಸ್ಪತ್ರೆಗೆ ಹೋದೆ, ಮೇಜು ತಡವಿ ಹಿಡಿದುಕೊಂಡು ಜತ್ತಪ್ಪರಿಗೆ ಬಾಯಿಗೆ ಬಂದಂತೆ ಹೇಳಿದೆ. ಹಿಂದಿನವರನ್ನು ಮುಂದೆ ಹಾಕುವುದು ಯಾವ ನ್ಯಾಯ, ಮೇಲಿನವರಿಗೆ ಬರೆಯುತ್ತೇನೆ, ಬರೆಯಲು ನನಗೆ ಯಾರೂ ಕಲಿಸಬೇಕಾಗಿಲ್ಲ, ಎಲ್ಲ ಹೇಳಿದೆ. ಅವರು ಸಾವಕಾಶವಾಗಿ ಪುಸ್ತಕ ತಿರುವಿದರು.

"ಶೆಟ್ರೇ, ನಿಮಗೆ ಎರಡು ಸಲ ಕಾರ್ಡು ಹೋಗಿದೆ. ಹೋದ ವರ್ಷ ನವೆಂಬರಿಗೆ ಒಂದು, ಈ ವರ್ಷ ಮಾರ್ಚಿಗೆ ಒಂದು. ಎರಡು ಸಲವೂ ನೀವು ಬರಲಿಲ್ಲ. ಎರಡು ಸಲ ತಪ್ಪಿದರೆ ಹೆಸರು ಹೊಡೆಯುವುದು ಇಲ್ಲಿಯ ಕ್ರಮ. ಈಗ ಪುನಃ ಬರೆಸಿದರೆ ಇನ್ನೂರ ಅರವತ್ತು ಚಿಲ್ಲರೆ ಆಗ್ತದೆ." ಪುಸ್ತಕ ಮುಚ್ಚಿ, "ಅಷ್ಟು ದಿನ ಕಾಯುವ ಕಣ್ಣಲ್ಲ ಅದು. ನನಗೇ ಬೆಳ್ಳಗೆ ಕಾಣ್ತಾ ಉಂಟು," ಎಂದರು.

ಈಗ ಸಿಟ್ಟು ಸುಧಾಕರನ ಮೇಲೆ ತಿರುಗಿತು. ಮಾವ ಕುರುಡನಾಗಲಿ, ಆಸ್ತಿ ಮಾತ್ರ ತನಗಾಗಲಿ ಎಂದು ಕಾರ್ಡನ್ನು ಒಲೆಗೆ ಹಾಕಿದ್ದಾನೆ, ನಾಯಿ. ಬೆಳ್ತಂಗಡಿಗೆ ಒಂದು ಬಸ್ಸು, ಅಲ್ಲಿಂದ ಚಾರ್ಮಾಡಿಗೆ ಇನ್ನೊಂದು. ಇಳಿಯುವಾಗ ಕಂಡಕ್ಟರನ ಕೈ ಹಿಡಿದೆ. ಮನೆಯ ಅಂಗಳದಲ್ಲಿ ನಿಂತು ಕೂಗಿದ ನನ್ನ ಮಾತು ಎದುರಿನ ಗುಡ್ಡಕ್ಕೂ ಕೇಳಿರಬೇಕು.

ಸುಧಾಕರ ಓಡಿ ಬಂದ. "ಕಾರ್ಡು ಬಂದ ದಿನವೇ ಮೂಡಬಿದ್ರೆಗೆ ಕಳಿಸಿದ್ದೇನೆ ಮಾವ. ಎರಡನ್ನೂ. ನೀವು ಅಲ್ಲೇ ಇದ್ದೀರಿ ಅಂತ ನಾವು ಎಣಿಸಿದ್ದು. ನಾನು ಯಾವಾಗ ಬರಬೇಕು ಹೇಳಿ, ಬರ್ತೇನೆ ಅಂತಲೂ ಬರೆದಿದ್ದೆ. ಉತ್ತರವೇ ಇಲ್ಲ."

"ಈಗ ಎಲ್ಲ ಗಂಡಸರೂ ಹೆಂಡತಿ ಮಕ್ಕಳ ಕಡೆ ಅಲ್ವಾ ಅಣ್ಣ," ಎಂದಳು ಸರಸ. ಅವಳ ಸ್ವರ ಆಡಿಕೊಳ್ಳುವಂತಿರಲಿಲ್ಲ, ಅತ್ತಂತೆ ಇತ್ತು. "ಕಣ್ಣು ಕಾಣದವರು ಒಬ್ಬರೇ ಕೋಣೆಯಲ್ಲಿ ಇದ್ದಾರು ಅಂತ ಯಾರು ಎಣಿಸ್ತಾರೆ? ಅಲ್ಲಿ ನೋಡಿಕೊಳ್ತಾರೆ ಅಂತ ನಾವು ಸುಮ್ಮನಿದ್ದೆವು."

ಸುಧಾಕರ ತಾನೂ ಬರುತ್ತೇನೆಂದ. ಬೇಡವೆಂದೆ. ಮೂಡಬಿದ್ರೆಯವರಿಗೆ ಹೇಳಬೇಕಾದದ್ದನ್ನು ನಾನೇ ಹೇಳುವವನು. ರಾತ್ರಿ ಅಲ್ಲಿ ಮಲಗಿ ಬೆಳಗ್ಗೆ ಹೊರಟೆ, ಬೆಳ್ತಂಗಡಿಗೆ ಬಂದು ವೇಣೂರಿನ ಮೇಲೆ ಹೋಗುವ ಬಸ್ಸು ಹತ್ತಿದೆ. ದಾರಿಯಲ್ಲಿ ಕಣ್ಣು ಚುಚ್ಚತೊಡಗಿತು. ತಲೆಯ ಬಲಭಾಗವಿಡೀ ನೋವು, ನೀರು ಸುರಿಯಿತು. ಸಿಟ್ಟಿಗೆ ಹಾಗಾಗುವುದು ಎಂದುಕೊಂಡೆ.

ಮೂಡಬಿದ್ರೆಯ ಮನೆಯ ಜಗಲಿಯಲ್ಲಿ ಯಾರೋ ಚಾಪೆ ಹಾಸಿದರು. ಯಾರೋ ಬೆಲ್ಲ ನೀರು ತಂದು ಪಕ್ಕದಲ್ಲಿಟ್ಟರು. ಸೀರೆಯ ಸದ್ದು ಕೇಳಿ, "ಕಾಂತಿ, ನಿನ್ನ ಅಮ್ಮನನ್ನು ಕರಿ. ಅವಳ ಹತ್ತಿರ ಒಂದು ಮಾತು ಕೇಳಲಿಕ್ಕುಂಟು," ಎಂದೆ.

ಸೀರೆ ಅಲ್ಲಿಯೇ ನಿಂತಿತು.

"ನಾನೇ," ಎಂದಳು ಜಲಜಾಕ್ಷಿ.

ಸ್ವಂತ ಹೆಂಡತಿಯನ್ನೇ ನಾನು ಗುರುತಿಸಲಿಲ್ಲ. ಆದರೂ ಕೇಳಿದೆ: "ಕಾರ್ಡು ಏನು ಮಾಡಿದ್ದು?"

"ಕಾಗದದಲ್ಲಿ ಇಟ್ಟು ಕಳಿಸಿದ್ದು. ಬಂಟ್ವಾಳಕ್ಕೆ. ಕಾಂತಿಯ ಕೈಯಲ್ಲಿ ನಾನೇ ಹೇಳಿ ಬರೆಸಿದ್ದು. ಇಂಥ ದಿನ ಆಸ್ಪತ್ರೆ, ನಾನು ಬಂದು ನಿಲ್ತೇನೆ, ಹೌದು ಅಂತ ಒಂದು ಗೆರೆ ಬರೀರಿ ಅಂತ. ಎರಡನೆಯ ಸಲವೂ ಬರೆಸಿದೆ. ಅದಕ್ಕೂ ಇಲ್ಲ. ಮತ್ತೆ ಎರಡು ಬರೆಸಿದೆ, ನನ್ನ ಮೇಲೆ ಸಿಟ್ಟಾ ಅಂತ ಕೇಳಿ." ಅವಳ ಸ್ವರ ಗಟ್ಟಿಯಾಯಿತು. "ಓದಲಿಲ್ಲವಾ ನೀವು?"

ಮಡಚಿದ್ದನ್ನು ಬಿಡಿಸುವಾಗ ಒಳಗಿಂದ ದಪ್ಪಗಿನದೊಂದು ಬೆರಳಿಗೆ ತಾಗಿದ್ದು ನೆನಪಾಯಿತು. ಕಾಂತಿ ಏನೋ ಚಿತ್ರ ಇಟ್ಟಿರಬೇಕು ಎಂದುಕೊಂಡು ಅದನ್ನೂ ಕಾಗದದೊಟ್ಟಿಗೆ ಮಡಚಿಟ್ಟಿದ್ದೆ. ನನ್ನ ಸರತಿಯ ಮೇಲೆ ಒಂದು ವರ್ಷ ನಾನೇ ಮಲಗಿದ್ದೆ.

"ಕಾಣುವುದಿಲ್ಲ," ಎಂದೆ.

"ಯಾರ ಹತ್ತಿರವಾದರೂ ಓದಿಸಬಹುದಿತ್ತು."

"ನಾನು ರೈಟರ್, ಜಲಜಾ."

ಒಳಗಿನಿಂದ ನಿತ್ಯಾನಂದ ಬಂದು ಕೂತ. "ಭಾವ, ನಾನು ಏಪ್ರಿಲ್‌ನಲ್ಲಿ ಬಂಟ್ವಾಳಕ್ಕೆ ಬಂದಿದ್ದೆ, ಅಕ್ಕ ಕಳಿಸಿದ್ದು. ನೀವು ಜಗಲಿಯಲ್ಲಿ ಬರೀತಾ ಇದ್ದಿರಿ. ನಾನು ಎದುರಿಗೇ ನಿಂತೆ. ನೀವು ಮುಖ ಎತ್ತಿ ನೋಡಿದಿರಿ, ಮಾತಾಡಿಸಲಿಲ್ಲ, ಪುನಃ ಬರೀಲಿಕ್ಕೆ ಕೂತಿರಿ. ಕಣ್ಣು ಸರಿ ಉಂಟು, ನಮ್ಮ ಸಂಬಂಧ ಬೇಡ ಅಂತ ಕಾಣ್ತದೆ ಅಂತ ಬಂದು ಹೇಳಿದೆ."

ಯಾರ ಮೇಲೆ ಸಿಟ್ಟು ಮಾಡಲಿ? ಎರಡೂ ಮನೆಯವರು ತಮ್ಮ ತಮ್ಮ ಕೆಲಸ ಮಾಡಿದ್ದರು. ಅಳಿಯ ಕಳಿಸಿದ್ದ, ಹೆಂಡತಿ ಬರೆಸಿದ್ದಳು, ಭಾವಮೈದುನ ಬಂದು ನೋಡಿದ್ದ. ನಡುವೆ ನಾನೊಬ್ಬ ಮೂಗು ಮೇಲೆ ಮಾಡಿಕೊಂಡು ಕೂತಿದ್ದೆ.

"ಆಸ್ಪತ್ರೆಯಲ್ಲಿ ಈ ಮನೆಯ ವಿಳಾಸ ಕೊಡಬಹುದಿತ್ತಲ್ಲ," ಎಂದಳು ಜಲಜಾಕ್ಷಿ.

"ಇದು ನಿನ್ನ ಮನೆ. ನನ್ನದು ಅಂತ ಬರೆಸಿದರೆ ಸುಳ್ಳು ಅರ್ಜಿ ಆಗ್ತದೆ."

ಅವಳು ಹತ್ತಿರ ಬಂದು ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ತಮ್ಮ, ಮಗಳು ಎಲ್ಲರ ಎದುರಿಗೆ ಅವಳು ಯಾವತ್ತೂ ನನ್ನನ್ನು ಮುಟ್ಟಿದವಳಲ್ಲ. "ಕಣ್ಣು ಕೆಂಡ ಆಗಿದೆ. ಈಗಲೇ ಹೋಗುವ," ಎಂದಳು.

ಅವತ್ತು ಡಾಕ್ಟರು ಬರುವ ದಿನವಾಗಿತ್ತು. ಅದು ನನ್ನ ಅದೃಷ್ಟ ಎಂದುಕೊಂಡೆ. ನನ್ನನ್ನು ಬೆಂಚಿನಲ್ಲಿ ಕೂರಿಸಿ ಜಲಜಾಕ್ಷಿ ಜತ್ತಪ್ಪರ ಮೇಜಿಗೆ ಹೋದಳು. ಪಟ್ಟಿಯಲ್ಲಿ ಹೆಸರಿಲ್ಲ ಎಂದು ಅವರು, ಹೆಸರಿಲ್ಲದಿದ್ದರೆ ಮನುಷ್ಯ ಇಲ್ಲವಾ ಎಂದು ಇವಳು. ಅಷ್ಟು ದೊಡ್ಡ ಸ್ವರ ಅವಳಿಗೆ ಉಂಟೆಂದು ನನಗೆ ಗೊತ್ತಿರಲಿಲ್ಲ. ಡಾಕ್ಟರು ಹೊರಗೆ ಬಂದರು, ಟಾರ್ಚು ಹಿಡಿದರು, ಬೆಳಕು ಯಾವ ಕಡೆಯಿಂದ ಬರುತ್ತದೆ ಎಂದು ಕೇಳಿದರು. ನಾನು ಅಂದಾಜಿನಲ್ಲಿ ಏನೋ ಹೇಳಿದೆ. ಅವರು ಅವಳನ್ನು ಆಚೆ ಕರೆದು ಎರಡು ಮಾತು ಹೇಳಿದರು. ಅದೇ ದಿನ ಸೇರಿಸಿಕೊಂಡರು. ಪಟ್ಟಿಯಲ್ಲಿ ಇಲ್ಲದವನಿಗೆ ಅವತ್ತೇ ಆಪರೇಷನ್. ನನ್ನ ಹೆಂಡತಿ ಸರ್ಕಾರವನ್ನೇ ಗೆದ್ದಳು ಎಂದು ನಾನು ಮೇಜಿನ ಮೇಲೆ ಮಲಗಿ ಹೆಮ್ಮೆಪಟ್ಟೆ.

ಆಮೇಲಿನ ಎಂಟು ದಿನ ತಲೆಯ ಎರಡೂ ಬದಿಗೆ ಮರಳಿನ ಚೀಲ, ಕಣ್ಣಿಗೆ ಪಟ್ಟಿ. ನೋವು ಹೋಗಿತ್ತು. ಜಲಜಾಕ್ಷಿ ಚಮಚದಲ್ಲಿ ಗಂಜಿ ಕೊಡುತ್ತಿದ್ದಳು, ಮತ್ತೆ ಮಾತಾಡುತ್ತಿದ್ದಳು. ಎಂಥ ಮಾತು! ಶನಿವಾರ ಹೋದರೆ ಊಟಕ್ಕೆ ಏಳಿ, ಸ್ನಾನಕ್ಕೆ ನೀರು ಬಿಸಿ ಉಂಟು, ಇಷ್ಟೇ ಅಲ್ಲವೇ ಅವಳು ನನ್ನ ಹತ್ತಿರ ಆಡುತ್ತಿದ್ದುದು? ಈಗ ಬೆಳಗ್ಗೆಯಿಂದ ಶುರು. ಕಿಟಕಿಯ ಹೊರಗೆ ಒಂದು ಹಲಸಿನ ಮರ, ಬುಡದಲ್ಲೇ ಆರು ಕಾಯಿ. ಪಕ್ಕದ ಮಂಚದ ಅಜ್ಜನಿಗೆ ಹಲ್ಲೇ ಇಲ್ಲ, ಆದರೂ ಅವಲಕ್ಕಿ ಬೇಕಂತೆ. ನರ್ಸು ಕೆಂಪು ರಿಬ್ಬನ್ ಕಟ್ಟಿದ್ದಾಳೆ. ಬಾಗಿಲಿಗೆ ಹದಿನಾಲ್ಕು ಹೆಜ್ಜೆ, ಅಲ್ಲಿ ಒಂದು ಮೆಟ್ಟಿಲು ಉಂಟು. ಕಾಂತಿ ಈಗ ನನಗಿಂತ ಎತ್ತರ, ನಿಮ್ಮದೇ ಮೂಗು, ನಕ್ಕರೆ ನಿಮ್ಮ ಅಮ್ಮನ ಹಾಗೆ ಕಾಣ್ತಾಳೆ. ನನ್ನ ಕೂದಲು ಮುಂದೆ ಪೂರ್ತಿ ಬೆಳ್ಳಗಾಗಿದೆ, ನೀವು ನೋಡಿದ್ದಕ್ಕಿಂತ ದಪ್ಪ ಆಗಿದ್ದೇನೆ.

"ಪಟ್ಟಿ ಬಿಚ್ಚಿದ ಮೇಲೆ ನಾನೇ ನೋಡ್ತೇನಲ್ಲ ಮಾರಾಯ್ತಿ," ಎಂದೆ ಒಮ್ಮೆ.

ಮರದ ಮೇಲೆ ಅಳಿಲು ಬಂದಿದೆ ಎಂದಳು ಅವಳು. ನನ್ನನ್ನು ಕ್ಷಮಿಸಿದ್ದಾಳೆ, ಅದಕ್ಕೇ ಇಷ್ಟು ಮಾತು ಎಂದು ತಿಳಿದು ಆ ರಾತ್ರಿ ನಾನು ಎರಡು ವರ್ಷದಲ್ಲಿ ಮಾಡದಂಥ ನಿದ್ದೆ ಮಾಡಿದೆ.

ಒಂಬತ್ತನೆಯ ದಿನ ಆಸ್ಪತ್ರೆಯ ಡಾಕ್ಟರು ಬಂದು ಪಟ್ಟಿ ಬಿಚ್ಚಿದರು. ಕಣ್ಣು ತೆರೆಯಿರಿ ಎಂದರು. ತೆರೆದಿದ್ದೇನೆ ಎಂದೆ. ಬೆರಳು ಎಷ್ಟು ಎಂದು ಅವರು ಕೇಳಲಿಲ್ಲ. ನನ್ನ ಭುಜ ತಟ್ಟಿ, "ಪೊರೆ ಒಳಗೇ ಒಡೆದು ದೃಷ್ಟಿ ಮೊದಲೇ ಹೋಗಿತ್ತು ಶೆಟ್ರೇ, ತೆಗೆದದ್ದು ನೋವು ನಿಲ್ಲಿಸಲಿಕ್ಕೆ ಮಾತ್ರ," ಎಂದು ಮುಂದಿನ ಮಂಚಕ್ಕೆ ಹೋದರು. ಸರತಿಯಿಲ್ಲದೆ ನನ್ನನ್ನು ಯಾಕೆ ಸೇರಿಸಿಕೊಂಡರೆಂದು ಆಗ ತಿಳಿಯಿತು.

ಜಲಜಾಕ್ಷಿ ಮಂಚದ ತುದಿಯಲ್ಲಿ ಕೂತಿದ್ದಳು. ಉಸಿರು ಕೇಳುತ್ತಿತ್ತು.

"ನಿನಗೆ ಗೊತ್ತಿತ್ತಾ?"

"ಮೊದಲ ದಿನವೇ ಹೇಳಿದ್ದರು."

"ಮತ್ತೆ ಎಂಟು ದಿನ ಇದನ್ನೆಲ್ಲ ಯಾಕೆ ಹೇಳಿದ್ದು? ಮರ, ಮೆಟ್ಟಿಲು, ಅಳಿಲು?"

ಅವಳು ನನ್ನ ಅಂಗಿಯನ್ನು ಸರಿಮಾಡಿ, ಕೈಯನ್ನು ಅಲ್ಲಿಯೇ ಇಟ್ಟಳು.

"ನನಗೆ ಅಭ್ಯಾಸ ಆಗಬೇಕಲ್ಲ," ಎಂದಳು.

ಇನ್ನೂ ಒಂದು ವಾರ ಕಣ್ಣಿಗೆ ನೀರು ತಾಗಬಾರದೆಂದು ನರ್ಸು ಹೇಳಿ ಹೋಗಿದ್ದಳು. ನನ್ನಿಂದ ಅದು ಆಗಲಿಲ್ಲ.